ಜೆಲಾಟಿನ್ ದಿಮ್ಮಿ ಹೇಳುವುದೇನು, ಹೇಳದೆ ಬಿಡುವುದೇನು? ಗುಂಡಿನ ಪರೀಕ್ಷೆ ಕುರಿತು ಒಂದು ವಿವರಣೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೀನಿ.

1. ವಿಷಯ ಪ್ರವೇಶ

ಕನ್ನಡದಲ್ಲಿ ವಿಜ್ಞಾನವನ್ನು ವಿವರಿಸುವುದು ಹೇಗೆ ಎಂಬುದು ಈ ಗೋಷ್ಠಿಯ ವಿಷಯ. ಒಬ್ಬೊಬ್ಬರು ಒಂದೊಂದು ವಸ್ತುವನ್ನು ಆರಿಸಿಕೊಳ್ಳಬೇಕಿತ್ತು. ನಾನು ಆರಿಸಿಕೊಂಡದ್ದು ಬಂದೂಕಿನ ಗುಂಡನ್ನು ಪರೀಕ್ಷೆ ಮಾಡಲು ಬಳಸುವ ಜೆಲಾಟಿನ್ ದಿಮ್ಮಿ. ಅದನ್ನು ಮನೆಯಲ್ಲೇ ಮಾಡಿಕೊಳ್ಳುವವರೂ ಇದ್ದಾರೆ. ಹೇಗೆ ಮಾಡುತ್ತಾರೆ, ಅದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂಬುದನ್ನು ಹೇಳುತ್ತೇನೆ.

ಸಾಹಿತ್ಯ ಓದುವವರಿಗೆ ಇದೆಲ್ಲ ಯಾಕ್ರಿ ಅಂತ ಕೇಳಬಹುದು. ನಾನಿರುವುದು ಯಡ್ರಾವದಲ್ಲಿ, ಇಚಲಕರಂಜಿಯ ಮಗ್ಗುಲಿಗೆ. ಕೊಲ್ಹಾಪುರ ಇಲ್ಲಿಂದ ದೂರವಿಲ್ಲ. ಆ ಊರಿನಲ್ಲಿ 2015ರ ಫೆಬ್ರವರಿ 16ರ ಬೆಳಿಗ್ಗೆ ಗೋವಿಂದ ಪಾನ್ಸರೆ ಮತ್ತು ಅವರ ಪತ್ನಿ ಉಮಾ ಅವರ ಮೇಲೆ ಗುಂಡು ಹಾರಿಸಲಾಯಿತು. ಪಾನ್ಸರೆ ಫೆಬ್ರವರಿ 20ರಂದು ತೀರಿಕೊಂಡರು. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಗಡಿಯಲ್ಲಿರುವ ನಾವು ಮರಾಠಿ ಪತ್ರಿಕೆಯನ್ನೂ ಓದ್ತೀವಿ, ಕನ್ನಡ ಪತ್ರಿಕೆಯನ್ನೂ ಓದ್ತೀವಿ. ಎರಡರಲ್ಲೂ ವರ್ಷಗಟ್ಟಲೆ ಒಂದೇ ಪದ ಬರುತ್ತಿತ್ತು: ಬ್ಯಾಲಿಸ್ಟಿಕ್ ವರದಿ. ಆ ಪದದ ಹಿಂದೆ ಯಾವ ಕೆಲಸ ನಡೆದಿರುತ್ತದೆ ಎಂಬುದು ಓದುವವರಲ್ಲಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸಿನಿಮಾದಲ್ಲಿ, ವಿಡಿಯೊಗಳಲ್ಲಿ ಪಾರದರ್ಶಕ ದಿಮ್ಮಿಗೆ ಗುಂಡು ಹೊಡೆಯುವುದನ್ನು ನೋಡಿ, ಅದೇ ಬ್ಯಾಲಿಸ್ಟಿಕ್ ಪರೀಕ್ಷೆ ಅಂದುಕೊಳ್ಳುತ್ತೇವೆ. ಅಸಲಿಗೆ ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ, ಎರಡು ಬೇರೆ ಮೇಜುಗಳಿವೆ. ಗುಂಡು ಮೈಯೊಳಗೆ ಏನು ಮಾಡುತ್ತದೆ ಎಂಬುದು ಒಂದು. ಈ ಗುಂಡು ಯಾವ ಬಂದೂಕಿನಿಂದ ಬಂತು ಎಂಬುದು ಇನ್ನೊಂದು. ಜೆಲಾಟಿನ್ ಉತ್ತರ ಕೊಡುವುದು ಮೊದಲನೆಯದಕ್ಕೆ ಮಾತ್ರ. ಈ ವ್ಯತ್ಯಾಸ ಸ್ಪಷ್ಟವಾದರೆ ನನ್ನ ಪ್ರಬಂಧದ ಕೆಲಸ ಮುಗಿಯಿತು.

2. ಮೊದಲು ಪದಗಳ ಜಗಳ ಬಗೆಹರಿಸೋಣ

ಕನ್ನಡದಲ್ಲಿ ಈ ವಿಷಯ ಬರೆಯಲು ಕೂತರೆ ಮೊದಲ ಸಾಲಿನಲ್ಲೇ ತೊಡಕು. ನಮ್ಮ ಪತ್ರಿಕೆಗಳಲ್ಲಿ 'ಜಿಲೆಟಿನ್' ಅಂದರೆ ಸ್ಫೋಟಕ. ಕಲ್ಲು ಕ್ವಾರಿಯಲ್ಲಿ ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಈ ಎರಡು ದುರಂತಗಳ ನಂತರವಂತೂ ಆ ಪದ ಕೇಳಿದರೆ ಜನ ಬೆಚ್ಚಿಬೀಳುತ್ತಾರೆ. ಆ ಹೆಸರು ಬಂದದ್ದು ಆಲ್ಫ್ರೆಡ್ ನೊಬೆಲ್ 1875ರಲ್ಲಿ ಕಂಡುಹಿಡಿದ ಸ್ಫೋಟಕದಿಂದ. ನೈಟ್ರೋಗ್ಲಿಸರಿನ್‌ನಲ್ಲಿ ನೈಟ್ರೋಸೆಲ್ಯುಲೋಸ್ ಕರಗಿಸಿದಾಗ ಅದು ಲೋಳೆಯಂತೆ, ಜೆಲ್ಲಿಯಂತೆ ಆಗುತ್ತಿತ್ತು. ಹಾಗಾಗಿ ಆ ಹೆಸರು. ರೂಪ ನೋಡಿ ಇಟ್ಟ ಹೆಸರು, ಅಷ್ಟೆ.

ನಾನು ಹೇಳುತ್ತಿರುವ ಜೆಲಾಟಿನ್ ಬೇರೆ. ಇದು ಐಸ್‌ಕ್ರೀಮಿಗೆ, ಜೆಲ್ಲಿ ಮಿಠಾಯಿಗೆ, ಔಷಧದ ಕ್ಯಾಪ್ಸೂಲಿನ ಹೊದಿಕೆಗೆ ಬಳಸುವ ಪ್ರೋಟೀನ್ ಪುಡಿ. ಸಿಡಿಯುವುದಿಲ್ಲ, ತಿಂದರೆ ಏನೂ ಆಗುವುದಿಲ್ಲ. ಗೊಂದಲ ಬೇಡ ಎಂದು ಈ ಪ್ರಬಂಧದ ಉದ್ದಕ್ಕೂ ತಿನ್ನುವ ವಸ್ತುವಿಗೆ 'ಜೆಲಾಟಿನ್' ಎಂದೇ ಬರೆದಿದ್ದೇನೆ.

ಎರಡನೆಯ ತೊಡಕು 'ಗುಂಡು'. ಆಡುಮಾತಿನಲ್ಲಿ ಎಲ್ಲದಕ್ಕೂ ಗುಂಡು ಅಂತೀವಿ. ಆದರೆ ಬಂದೂಕಿಗೆ ತುಂಬುವುದು ತೋಟಾ. ತೋಟಾದಲ್ಲಿ ಹಿತ್ತಾಳೆಯ ಕೋಶ, ಮದ್ದು, ಅದಕ್ಕೆ ಕಿಡಿ ಕೊಡುವ ತಳದ ಪ್ರೈಮರ್, ಮುಂದೆ ಕೂತ ಗುಂಡು ಎಲ್ಲ ಸೇರಿರುತ್ತವೆ. ಹಾರುವುದು ಗುಂಡು ಮಾತ್ರ. ಖಾಲಿ ಕೋಶ ಹಿಂದೆ ಉಳಿಯುತ್ತದೆ, ಅಥವಾ ಪಿಸ್ತೂಲಿನಿಂದ ಚಿಮ್ಮಿ ನೆಲಕ್ಕೆ ಬೀಳುತ್ತದೆ. ಹಾರಿದ್ದು ಬೇರೆ, ಉಳಿದದ್ದು ಬೇರೆ ಎಂಬುದನ್ನು ನೆನಪಿಡಿ. ಮುಂದೆ ಇದು ಬೇಕಾಗುತ್ತದೆ.

3. ಮೈಯ ಬದಲು ಜೆಲಾಟಿನ್ ಯಾಕೆ

ಗುಂಡು ಮಾಂಸದೊಳಗೆ ಹೇಗೆ ಚಲಿಸುತ್ತದೆ ಎಂದು ತಿಳಿಯುವ ಆಸೆ ಹಳೆಯದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡರ್ ಕೋಖರ್ (ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ 1909ರಲ್ಲಿ ನೊಬೆಲ್ ಪಡೆದವರು) 19ನೇ ಶತಮಾನದಲ್ಲೇ ಗುಂಡಿನ ಗಾಯಗಳ ಬಗ್ಗೆ ಪ್ರಯೋಗಗಳನ್ನು ಮಾಡಿದ್ದರು. 1904ರಲ್ಲಿ ಅಮೆರಿಕದ ಸೇನೆಯ ಥಾಂಪ್ಸನ್ ಮತ್ತು ಲಾಗಾರ್ಡ್ ಎಂಬ ಅಧಿಕಾರಿಗಳು ಕಸಾಯಿಖಾನೆಯ ದನಗಳ ಮೇಲೆ, ಶವಗಳ ಮೇಲೆ ಗುಂಡು ಹಾರಿಸಿ ನೋಡಿದರು. ಕೇಳಲು ಕ್ರೂರ. ಅದರ ಜೊತೆಗೆ ಒಂದು ತಾಂತ್ರಿಕ ದೋಷವೂ ಇತ್ತು: ಒಂದು ದನದ ಹಾಗೆ ಇನ್ನೊಂದು ದನ ಇರುವುದಿಲ್ಲ. ಒಂದು ಗುಂಡಿಗೆ ಎಲುಬು ಅಡ್ಡ ಬಂದಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಹೀಗಾದಾಗ ಎರಡು ಗುಂಡುಗಳನ್ನು ಹೋಲಿಸುವುದು ಹೇಗೆ?

ಈ ತೊಂದರೆಗೆ ಪರಿಹಾರ ಜೆಲಾಟಿನ್. ಅದು ಎಲ್ಲ ಕಡೆ ಒಂದೇ ಥರ ಇರುತ್ತದೆ. ಇವತ್ತು ಮಾಡಿದ್ದನ್ನು ನಾಳೆಯೂ ಹಾಗೇ ಮಾಡಬಹುದು. ಅರೆಪಾರದರ್ಶಕ, ಜಾಡು ಕಣ್ಣಿಗೆ ಕಾಣುತ್ತದೆ. 1980ರ ದಶಕದಲ್ಲಿ ಅಮೆರಿಕದ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಇದನ್ನು ಶಿಸ್ತಿಗೆ ತಂದರು. ಹಂದಿಯ ಸ್ನಾಯುವಿನಲ್ಲಿ ಗುಂಡು ಎಷ್ಟು ಆಳ ಹೋಗುತ್ತದೋ ಅಷ್ಟೇ ಆಳ ಹೋಗುವ ಜೆಲಾಟಿನ್ ಯಾವುದು ಎಂದು ಹೋಲಿಸಿ, ತೂಕದಲ್ಲಿ 10 ಶೇಕಡಾ ಪುಡಿ, 4 ಡಿಗ್ರಿ ಸೆಲ್ಸಿಯಸ್ ತಣ್ಣನೆ ಎಂಬ ಸೂತ್ರವನ್ನು ಬಳಕೆಗೆ ತಂದರು. ಅದಕ್ಕೂ ಮುಂಚೆ 20 ಶೇಕಡಾ, 10 ಡಿಗ್ರಿ ಎಂಬ ಇನ್ನೊಂದು ಪಾಕವೂ ಚಲಾವಣೆಯಲ್ಲಿತ್ತು, ಈಗಲೂ ಕೆಲವು ಕಡೆ ಇದೆ. ಎರಡರ ಫಲಿತಾಂಶವನ್ನು ಬೆರೆಸಿ ಓದಬಾರದು.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐ ಅಧಿಕಾರಿಗಳಿಗೂ ದರೋಡೆಕೋರರಿಗೂ ಗುಂಡಿನ ಕಾಳಗ ನಡೆಯಿತು. ಇಬ್ಬರು ಅಧಿಕಾರಿಗಳು ಸತ್ತರು. ಅದರ ವಿಚಾರಣೆಯ ನಂತರ ಎಫ್‌ಬಿಐ ತನ್ನ ಗುಂಡುಗಳನ್ನು ಜೆಲಾಟಿನ್‌ನಲ್ಲಿ ಪರೀಕ್ಷಿಸುವ ಕ್ರಮವನ್ನು ರೂಪಿಸಿತು. 12ರಿಂದ 18 ಇಂಚು, ಅಂದರೆ ಸುಮಾರು 30ರಿಂದ 45 ಸೆಂಟಿಮೀಟರ್ ಆಳ ಎಂಬ ಅಳತೆ ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು.

4. ಮನೆಯಲ್ಲಿ ದಿಮ್ಮಿ ಕಟ್ಟುವ ಕ್ರಮ

ಈಗ ಅಡುಗೆಮನೆಗೆ ಬರೋಣ. ಈ ಪ್ರಬಂಧಕ್ಕಾಗಿ ಒಂದು ಲೀಟರಿನ ಚಿಕ್ಕ ದಿಮ್ಮಿ ಮಾಡಿ ನೋಡಿದ್ದೇನೆ. ಗುಂಡು ಹಾರಿಸಲಿಕ್ಕಲ್ಲ, ಪಾಕ ತಿಳಿಯಲಿಕ್ಕೆ.

ಜೆಲಾಟಿನ್ ಬರುವುದು ಪ್ರಾಣಿಗಳ ಚರ್ಮ, ಎಲುಬಿನಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನಿಂದ. ನಮ್ಮ ಶಿರೋಳ, ಹಾತಕಣಂಗಲೆ ಕಡೆ ಜೈನರು, ಲಿಂಗಾಯತರು ಬಹಳ. ಅಂಥ ಮನೆಯ ಪಾತ್ರೆಯಲ್ಲಿ ಇದನ್ನು ಕಲಸಿದರೆ ಮುಂದಿನ ವಿಚಾರ ಸಂಕಿರಣ ಮನೆಯ ಹೊರಗೇ ಆಗುತ್ತದೆ. ಪಾತ್ರೆ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೊಲಾಜೆನ್‌ನಲ್ಲಿ ಮೂರು ಎಳೆಗಳು ಹಗ್ಗದ ಹಾಗೆ ಹೊಸೆದುಕೊಂಡಿರುತ್ತವೆ. ಕಾಯಿಸಿದಾಗ ಹೊಸೆತ ಬಿಚ್ಚುತ್ತದೆ, ಅದೇ ಜೆಲಾಟಿನ್. ನೀರಿನಲ್ಲಿ ಕರಗಿಸಿ ತಣಿಸಿದರೆ ಎಳೆಗಳು ಅಲ್ಲಲ್ಲಿ ಮತ್ತೆ ಹೊಸೆದುಕೊಂಡು ಬಲೆಯಾಗುತ್ತವೆ. ನೀರು ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ನೂರು ಪಾಲಿನಲ್ಲಿ ತೊಂಬತ್ತು ಪಾಲು ನೀರೇ ಇದ್ದರೂ ದಿಮ್ಮಿ ಗಿಣ್ಣಿನ ಹಾಗೆ ನಿಲ್ಲುವುದು ಇದರಿಂದ.

ಬಲೆಯ ಬಿಗಿಯನ್ನು ಅಳೆಯುವ ಅಂಕಿಗೆ 'ಬ್ಲೂಮ್' ಎನ್ನುತ್ತಾರೆ, ಆಸ್ಕರ್ ಬ್ಲೂಮ್ ಎಂಬವರ ಹೆಸರಿನಿಂದ. ಗೊತ್ತಾದ ಅಳತೆಯ ಕಡ್ಡಿಯೊಂದನ್ನು ಜೆಲ್ಲಿಯ ಮೇಲೆ ಇಟ್ಟು, 4 ಮಿಲಿಮೀಟರ್ ಒಳಗೆ ತಗ್ಗಲು ಎಷ್ಟು ಗ್ರಾಂ ಭಾರ ಬೇಕು ಎಂದು ನೋಡುತ್ತಾರೆ. ಗುಂಡಿನ ಪರೀಕ್ಷೆಗೆ ಬೇಕಾದದ್ದು 250 ಬ್ಲೂಮ್. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಪುಡಿಯ ಬ್ಲೂಮ್ ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ನಂಬಬೇಕು. ಸಕ್ಕರೆ, ಬಣ್ಣ ಸೇರಿಸಿದ ಜೆಲ್ಲಿ ಪೊಟ್ಟಣ ಕೆಲಸಕ್ಕೆ ಬಾರದು.

ಕ್ರಮ ಹೀಗೆ:

ಒಂದು, ತೂಕ. 10 ಶೇಕಡಾ ಎಂದರೆ 100 ಗ್ರಾಂ ಪುಡಿಗೆ 900 ಗ್ರಾಂ ನೀರು. ಲೋಟದ ಲೆಕ್ಕ, ಚಮಚದ ಲೆಕ್ಕ ನಡೆಯುವುದಿಲ್ಲ. ಪುಡಿಯನ್ನು ತಕ್ಕಡಿಯಲ್ಲೇ ತೂಗಬೇಕು. ಪ್ರಯೋಗಾಲಯದ ದಿಮ್ಮಿ 15 ಸೆಂಟಿಮೀಟರ್ ಅಗಲ, 15 ಎತ್ತರ, 40 ಉದ್ದ ಇರುತ್ತದೆ. ಅದು 9 ಲೀಟರ್ ಗಾತ್ರ. ಸುಮಾರು 900 ಗ್ರಾಂ ಪುಡಿ ಬೇಕು.

ಎರಡು, ನೆನೆಸುವುದು. ಫ್ರಿಜ್ಜಿನ ತಣ್ಣೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪ ಉದುರಿಸುತ್ತ ಮೆಲ್ಲಗೆ ಕಲಕಬೇಕು. ಪುಡಿಯ ಮೇಲೆ ನೀರು ಸುರಿದರೆ ರಾಗಿ ಹಿಟ್ಟಿನ ಹಾಗೆ ಗಂಟು ಕಟ್ಟುತ್ತದೆ, ಒಳಗೆ ಒಣಪುಡಿ ಉಳಿಯುತ್ತದೆ. ಕಲಸಿದ್ದನ್ನು ಎರಡು ಗಂಟೆ ಫ್ರಿಜ್ಜಿನಲ್ಲಿ ಇಟ್ಟರೆ ಕಣಗಳು ನೀರು ಕುಡಿದು ಉಬ್ಬುತ್ತವೆ. ಬೋರಿನ ಗಡಸು ನೀರಿಗಿಂತ ಶೋಧಿಸಿದ ನೀರು ವಾಸಿ. ಲವಣ ಮತ್ತು ಆಮ್ಲೀಯತೆ ಎರಡೂ ಬಲೆಯ ಬಿಗಿಯನ್ನು ಬದಲಿಸುತ್ತವೆ.

ಮೂರು, ಕರಗಿಸುವುದು. ಒಲೆಯ ಮೇಲೆ ನೇರವಾಗಿ ಇಡಬಾರದು. ದೊಡ್ಡ ಪಾತ್ರೆಯಲ್ಲಿ ಬಿಸಿನೀರು ಇಟ್ಟು ಅದರೊಳಗೆ ಈ ಪಾತ್ರೆ ಇಳಿಸಬೇಕು. ಜೆಲಾಟಿನ್ 40 ಡಿಗ್ರಿ ದಾಟದಂತೆ ಥರ್ಮಾಮೀಟರ್ ಹಿಡಿದು ನೋಡಬೇಕು. ಹೆಚ್ಚು ಕಾಯಿಸಿದರೆ ಎಳೆಗಳೇ ತುಂಡಾಗಿ ದಿಮ್ಮಿ ಮೆತ್ತಗಾಗುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ, ಗುಂಡಿಗೆ ಗೊತ್ತಾಗುತ್ತದೆ.

ನಾಲ್ಕು, ಅಚ್ಚಿಗೆ ಸುರಿಯುವುದು. ಜೋರಾಗಿ ಕಲಕಿದರೆ ನೊರೆ ಬರುತ್ತದೆ, ಗಾಳಿಗುಳ್ಳೆಗಳು ದಿಮ್ಮಿಯಲ್ಲಿ ಸಿಕ್ಕಿಕೊಳ್ಳುತ್ತವೆ. ನಾಲ್ಕೈದು ಹನಿ ದಾಲ್ಚಿನ್ನಿ ಎಣ್ಣೆ ಹಾಕುವ ರೂಢಿ ಇದೆ. ನೊರೆ ತಗ್ಗುತ್ತದೆ, ಬೂಸು ಬೇಗ ಹಿಡಿಯುವುದಿಲ್ಲ.

ಐದು, ತಣಿಸುವುದು. ಮೊದಲು ಹೊರಗೇ ಬಿಟ್ಟು, ಆಮೇಲೆ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಒಂದೂವರೆ ದಿನ ಇಡಬೇಕು. ಅಂಚು ಬೇಗ ತಣ್ಣಗಾಗುತ್ತದೆ, ನಡುಭಾಗ ತಡವಾಗಿ. ಫ್ರೀಜರಿನಲ್ಲಿ ಇಟ್ಟು ಅವಸರ ಮಾಡಬಾರದು. ಮಂಜಿನ ಹರಳು ಕಟ್ಟಿ ಬಲೆ ಹರಿಯುತ್ತದೆ. ಹೊರಗೆ ತೆಗೆದ ಮೇಲೆ ಅರ್ಧ ಗಂಟೆಯೊಳಗೆ ಕೆಲಸ ಮುಗಿಯಬೇಕು. ಇಚಲಕರಂಜಿಯ ಮೇ ತಿಂಗಳ ಬಿಸಿಲಿನಲ್ಲಿ ಅಷ್ಟೂ ಸಮಯ ಸಿಗುವುದಿಲ್ಲ. ಅದರ ನಡುವೆ ಕರೆಂಟ್ ಹೋದರೆ ಒಂದೂವರೆ ದಿನದ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಿಡಿಯಬೇಕು.

5. ಸಾಕ್ಷಿಯನ್ನೇ ಮೊದಲು ಪರೀಕ್ಷಿಸುವುದು

ಇಷ್ಟು ಮಾಡಿದ ಮೇಲೂ ಅದು ಇನ್ನೂ ಪರೀಕ್ಷೆಯ ದಿಮ್ಮಿ ಅಲ್ಲ, ಬರೀ ಸಿಹಿಯಿಲ್ಲದ ಜೆಲ್ಲಿ. ಅದನ್ನು ಪರೀಕ್ಷೆಯ ದಿಮ್ಮಿ ಮಾಡುವುದು ಮುಂದಿನ ಹೆಜ್ಜೆ. ಏರ್‌ಗನ್ನಿನಿಂದ 'ಬಿಬಿ' ಎಂಬ ಉಕ್ಕಿನ ಸಣ್ಣ ಗೋಲಿಯನ್ನು ಸೆಕೆಂಡಿಗೆ ಸುಮಾರು 180 ಮೀಟರ್ ವೇಗದಲ್ಲಿ ದಿಮ್ಮಿಯೊಳಗೆ ಹಾರಿಸುತ್ತಾರೆ. ಗೋಲಿ 8.5 ಸೆಂಟಿಮೀಟರ್ ಆಳಕ್ಕೆ ಹೋಗಿ ನಿಲ್ಲಬೇಕು. ಒಂದು ಸೆಂಟಿಮೀಟರ್ ಆಚೆ ಈಚೆ ಆದರೆ ಒಪ್ಪುತ್ತಾರೆ. ಅದಕ್ಕಿಂತ ಹೆಚ್ಚು ಹೋದರೆ ದಿಮ್ಮಿ ಮೆತ್ತಗಾಗಿದೆ, ಕಡಿಮೆ ಹೋದರೆ ಗಡಸಾಗಿದೆ. ಎರಡೂ ಸಂದರ್ಭದಲ್ಲಿ ಅದನ್ನು ಬಳಸುವುದಿಲ್ಲ.

ಈ ಗೋಲಿಯ ತೂಕ ಸುಮಾರು 0.34 ಗ್ರಾಂ. ಲೆಕ್ಕ ಹಾಕಿದರೆ ಅದರ ಶಕ್ತಿ ಐದೂವರೆ ಜೌಲ್. 7.65 ಮಿಲಿಮೀಟರ್ ಪಿಸ್ತೂಲಿನ ಗುಂಡು ನಾಲ್ಕೂವರೆ ಗ್ರಾಂ ಮೇಲೆ ಇರುತ್ತದೆ, ಸೆಕೆಂಡಿಗೆ 280 ಮೀಟರಿನ ಆಸುಪಾಸಿನಲ್ಲಿ ಹಾರುತ್ತದೆ. ಶಕ್ತಿ 180 ಜೌಲ್ ಸುತ್ತಮುತ್ತ. ಅಂದರೆ ಮೂವತ್ತು ಪಟ್ಟಿಗೂ ಹೆಚ್ಚು. ಇಷ್ಟು ಸಣ್ಣ ಗೋಲಿ ಗುಂಡಿನ ಬಗ್ಗೆ ಏನು ಹೇಳೀತು? ಏನೂ ಇಲ್ಲ. ಅದು ಹೇಳುವುದು ದಿಮ್ಮಿಯ ಬಗ್ಗೆ. ಗುಂಡಿನ ಬಗ್ಗೆ ಸಾಕ್ಷಿ ಹೇಳಬೇಕಾದ ದಿಮ್ಮಿಯನ್ನೇ ಮೊದಲು ಪರೀಕ್ಷಿಸುವ ಹೆಜ್ಜೆ ಇದು.

ಮನೆಯಲ್ಲಿ ಮಾಡಿ ವಿಡಿಯೊ ಹಾಕುವವರಲ್ಲಿ ಹಲವರು ಬಿಡುವುದು ಇದೇ ಹೆಜ್ಜೆಯನ್ನು. ವೇಗ ಅಳೆಯುವ ಉಪಕರಣ ಇಲ್ಲದಿದ್ದರೆ 8.5 ಸೆಂಟಿಮೀಟರ್ ಎಂಬ ಅಂಕಿಗೆ ಅರ್ಥವಿಲ್ಲ. ದಿಮ್ಮಿ ನೋಡಲು ಚೆಂದ ಇರುತ್ತದೆ, ಗುಂಡು ಹೊಡೆದರೆ ಅದ್ಭುತವಾಗಿ ಉಬ್ಬುತ್ತದೆ. ಆದರೆ ಅವರ ದಿಮ್ಮಿಯನ್ನು ಇನ್ನೊಬ್ಬರ ದಿಮ್ಮಿಯ ಜೊತೆ ಹೋಲಿಸಲು ಬರುವುದಿಲ್ಲ. ಹೋಲಿಸಲು ಬಾರದ ಅಳತೆ ಅಳತೆಯೇ ಅಲ್ಲ.

6. ದಿಮ್ಮಿಯನ್ನು ಓದುವುದು

ಗುಂಡು ಹೊಕ್ಕಾಗ ಎರಡು ಸಂಗತಿ ನಡೆಯುತ್ತವೆ. ಗುಂಡು ತಾನು ಹೋದ ದಾರಿಯನ್ನು ಜಜ್ಜಿಕೊಂಡು ಹೋಗುತ್ತದೆ. ಅದು ಶಾಶ್ವತ ಜಾಡು. ಸುತ್ತಲಿನ ವಸ್ತು ಕ್ಷಣಮಾತ್ರ ಹೊರಕ್ಕೆ ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತದೆ. ಅದು ತಾತ್ಕಾಲಿಕ ಪೊಳ್ಳು. ವಿಡಿಯೊದಲ್ಲಿ ಬಲೂನಿನಂತೆ ಉಬ್ಬಿ ಕಾಣುವುದು ಎರಡನೆಯದು. ದಿಮ್ಮಿಯಲ್ಲಿ ಅದು ಸೀಳುಗಳ ರೂಪದಲ್ಲಿ ಗುರುತು ಬಿಡುತ್ತದೆ. ದೇಹದಲ್ಲಿ ಸ್ನಾಯು, ಶ್ವಾಸಕೋಶ ಹಿಗ್ಗಿ ಮೊದಲಿನ ಜಾಗಕ್ಕೆ ಬರಬಲ್ಲವು. ಯಕೃತ್ತು ಹಾಗಲ್ಲ, ಅದು ಹರಿಯುತ್ತದೆ. ಆದ್ದರಿಂದ ದಿಮ್ಮಿಯ ಸೀಳನ್ನು ನೋಡಿ ದೇಹದ ಗಾಯ ಇಷ್ಟೇ ಎಂದು ಹೇಳಲಾಗದು.

ಓದಬಹುದಾದದ್ದು ಮೂರು: ಗುಂಡು ಎಷ್ಟು ಆಳ ಹೋಯಿತು, ದಾರಿಯಲ್ಲಿ ಅಗಲವಾಯಿತೇ ಅಥವಾ ಒಡೆಯಿತೇ, ನೇರ ಹೋಯಿತೇ ಅಥವಾ ಪಲ್ಟಿ ಹೊಡೆಯಿತೇ. ಅಗಲವಾಗುವ ಗುಂಡಿನ ಕತೆಗೆ ನಮ್ಮ ದೇಶದ ಹೆಸರೇ ಅಂಟಿಕೊಂಡಿದೆ. 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ಬ್ರಿಟಿಷರು ಮೈಯೊಳಗೆ ಹೊಕ್ಕ ಮೇಲೆ ಹರಡುವ ಗುಂಡುಗಳನ್ನು ತಯಾರಿಸಿದರು. 1899ರ ಹೇಗ್ ಸಮ್ಮೇಳನದಲ್ಲಿ ಯುದ್ಧದಲ್ಲಿ ಅಂಥ ಗುಂಡುಗಳ ಬಳಕೆಯನ್ನು ನಿಷೇಧಿಸುವ ಘೋಷಣೆ ಬಂತು. 'ದಮ್‌ದಮ್ ಗುಂಡು' ಎಂಬ ಮಾತು ಹೀಗೆ ಜಗತ್ತಿನ ನಿಘಂಟುಗಳನ್ನು ಸೇರಿತು.

ದಿಮ್ಮಿಗೆ ಚರ್ಮವಿಲ್ಲ, ಎಲುಬಿಲ್ಲ, ಬಟ್ಟೆಯಿಲ್ಲ, ರಕ್ತವಿಲ್ಲ. ಮನುಷ್ಯ ಬದುಕುತ್ತಾನೋ ಸಾಯುತ್ತಾನೋ ಎಂಬುದನ್ನು ಅದು ಹೇಳುವುದಿಲ್ಲ. ಎರಡು ಗುಂಡುಗಳಿಗೆ ಒಂದೇ ಪರಿಸ್ಥಿತಿ ಒದಗಿಸುತ್ತದೆ, ಅಷ್ಟೆ.

7. ಇನ್ನೊಂದು ಮೇಜು

ಈಗ ಮೊದಲು ಹೇಳಿದ ಎರಡನೆಯ ಪ್ರಶ್ನೆ. ಪಾನ್ಸರೆ, ಕಲಬುರ್ಗಿ, ಗೌರಿ ಪ್ರಕರಣಗಳಲ್ಲಿ ತನಿಖೆಯವರು ಕೇಳುತ್ತಿದ್ದದ್ದು ಗುಂಡು ಎಷ್ಟು ಆಳ ಹೋಗುತ್ತದೆ ಎಂದಲ್ಲ. ಈ ಗುಂಡುಗಳು ಒಂದೇ ಪಿಸ್ತೂಲಿನಿಂದ ಬಂದವೇ ಎಂಬುದು ಪ್ರಶ್ನೆ. ಇದಕ್ಕೆ ಬೇಕಾಗಿರುವುದು ಹೋಲಿಕೆಯ ಸೂಕ್ಷ್ಮದರ್ಶಕ. ಎರಡು ಗುಂಡುಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಕಣ್ಣಳತೆಯಲ್ಲಿ ನೋಡುವ ಸಾಧನ. 1920ರ ದಶಕದಲ್ಲಿ ಅಮೆರಿಕದ ಕ್ಯಾಲ್ವಿನ್ ಗೊಡಾರ್ಡ್ ಮತ್ತು ಅವರ ಜೊತೆಗಾರರು ಇದನ್ನು ಅಪರಾಧ ತನಿಖೆಯಲ್ಲಿ ನೆಲೆಗೊಳಿಸಿದರು.

ಸಂಶಯದ ಪಿಸ್ತೂಲು ಸಿಕ್ಕರೆ ಪ್ರಯೋಗಾಲಯದಲ್ಲಿ ಅದರಿಂದ ಹೊಸದಾಗಿ ಗುಂಡು ಹಾರಿಸುತ್ತಾರೆ. ಎಲ್ಲಿಗೆ? ನೀರಿನ ತೊಟ್ಟಿಗೆ, ಅಥವಾ ಹತ್ತಿ ತುಂಬಿದ ಪೆಟ್ಟಿಗೆಗೆ. ಗುಂಡು ಹಾಳಾಗದೆ ವಾಪಸ್ ಸಿಗಬೇಕು, ಮೈಮೇಲಿನ ಗೀರು ಅಳಿಯಬಾರದು, ಅದಕ್ಕೆ. ಗುಂಡು ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಜೆಲಾಟಿನ್; ಬದಲಾಗದಂತೆ ಹಿಡಿಯಲು ನೀರು, ಹತ್ತಿ. ಪಿಸ್ತೂಲು ಸಿಗದಿದ್ದರೂ ಎರಡು ಕೊಲೆಯ ಜಾಗಗಳಲ್ಲಿ ಸಿಕ್ಕ ಗುಂಡುಗಳನ್ನು, ಕೋಶಗಳನ್ನು ಪರಸ್ಪರ ಹೋಲಿಸಬಹುದು. ಹಿತ್ತಾಳೆಯ ಕೋಶದ ತಳದಲ್ಲಿ ಪಿಸ್ತೂಲಿನ ಸೂಜಿ ಹೊಡೆದ ಗುರುತು ಇರುತ್ತದೆ. ದೇಶಿ ಪಿಸ್ತೂಲುಗಳ ನಳಿಗೆಯಲ್ಲಿ ಸುರುಳಿಗೆರೆ ಸರಿಯಾಗಿ ಇಲ್ಲದಿದ್ದಾಗ ಈ ಕೋಶದ ಗುರುತಿಗೆ ಬೆಲೆ ಹೆಚ್ಚು. ಹಾರಿದ್ದು ಬೇರೆ, ಉಳಿದದ್ದು ಬೇರೆ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಈ ತರ್ಕ ನಮ್ಮ ವಿಭಾಗದವರಿಗೆ ಹೊಸದಲ್ಲ. ಗ್ರಂಥಸಂಪಾದನೆಯಲ್ಲಿ ಹಸ್ತಪ್ರತಿಗಳ ವಂಶವೃಕ್ಷ ಕಟ್ಟುವಾಗ ನಾವು ಏನು ಮಾಡುತ್ತೇವೆ? ಎರಡು ಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಇದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಸರಿಯಾದದ್ದು ಎಲ್ಲ ಪ್ರತಿಗಳಲ್ಲೂ ಇರಬಹುದು. ಆದರೆ ಲಿಪಿಕಾರನ ಒಂದೇ ವಿಚಿತ್ರ ತಪ್ಪು ಎರಡರಲ್ಲೂ ಇದ್ದರೆ, ಎರಡಕ್ಕೂ ಒಂದೇ ಮೂಲ ಎಂದು ಊಹಿಸಲು ಆಧಾರ ಸಿಗುತ್ತದೆ. ಗುಂಡಿನಲ್ಲೂ ಹಾಗೆಯೇ. ಎರಡೂ 7.65 ಮಿಲಿಮೀಟರ್ ಎಂಬುದು 'ಸರಿಯಾದ ಪಾಠ'. ಅಂಥ ಪಿಸ್ತೂಲು ಎಷ್ಟೋ ಇರುತ್ತವೆ. ಒಂದೇ ಸೂಜಿಯ ಮೊನೆಯಲ್ಲಿ ಇರುವ ಸಣ್ಣ ಮುಕ್ಕು, ನಳಿಗೆಯೊಳಗಿನ ಒಂದು ಗೀರು, ಇವು ಲಿಪಿಕಾರನ ತಪ್ಪುಗಳು. ಅವು ಎರಡು ಕಡೆ ಕಂಡರೆ ಮಾತಿಗೆ ತೂಕ ಬರುತ್ತದೆ. ಈ ಶಾಸ್ತ್ರವನ್ನು ನಮಗೆ ಕನ್ನಡದಲ್ಲಿ ಕಲಿಸಿದ ಪುಸ್ತಕಗಳಲ್ಲಿ ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ' ಒಂದು. 'ಕನ್ನಡ ಗ್ರಂಥಸಂಪಾದನ ಶಾಸ್ತ್ರ' ಇನ್ನೊಂದು. ಎರಡನೆಯದನ್ನು ಬರೆದವರು ಕಲಬುರ್ಗಿ ಅವರೇ.

ಗೌರಿ ಲಂಕೇಶ್ ಪ್ರಕರಣದ ವಿಶೇಷ ತನಿಖಾ ತಂಡ, ವಿಧಿವಿಜ್ಞಾನ ಪ್ರಯೋಗಾಲಯದ ವರದಿಯನ್ನು ಆಧರಿಸಿ, ಕಲಬುರ್ಗಿ ಮತ್ತು ಗೌರಿ ಅವರ ಹತ್ಯೆಗೆ ಒಂದೇ 7.65 ಮಿಲಿಮೀಟರ್ ದೇಶಿ ಪಿಸ್ತೂಲು ಬಳಕೆಯಾಗಿದೆ ಎಂದು ಹೇಳಿತು. ಎರಡು ಕೊಲೆಗಳ ತನಿಖೆಯನ್ನು ಜೋಡಿಸಿದ ಮುಖ್ಯ ಕೊಂಡಿಗಳಲ್ಲಿ ಇದೊಂದು. ಅದಕ್ಕೂ ಮೊದಲು, ದಾಭೋಲ್ಕರ್, ಪಾನ್ಸರೆ, ಕಲಬುರ್ಗಿ ಪ್ರಕರಣಗಳ ಗುಂಡುಗಳ ಬಗ್ಗೆ ಬೇರೆ ಬೇರೆ ಪ್ರಯೋಗಾಲಯಗಳ ಅಭಿಪ್ರಾಯ ಒಂದೇ ಆಗಿರಲಿಲ್ಲ. ಬಾಂಬೆ ಹೈಕೋರ್ಟಿನ ಮುಂದೆ, ಅವುಗಳನ್ನು ಸ್ಕಾಟ್‌ಲೆಂಡ್ ಯಾರ್ಡ್‌ಗೆ ಕಳಿಸಿ ಅಭಿಪ್ರಾಯ ಪಡೆಯುವ ಮಾತೂ ಬಂತು. ಪತ್ರಿಕೆ ಓದುವ ನಮಗೆ ಆಗ ಸಿಟ್ಟು ಬರುತ್ತಿತ್ತು: ಯಂತ್ರ ನೋಡಿ ಹೇಳುವುದರಲ್ಲಿ ಭಿನ್ನಾಭಿಪ್ರಾಯ ಎಂಥದ್ದು? ಹಸ್ತಪ್ರತಿ ಓದಿದವರಿಗೆ ಅದು ವಿಚಿತ್ರ ಅನ್ನಿಸಬಾರದು. ಯಂತ್ರ ತೋರಿಸುತ್ತದೆ, ಓದುವುದು ಮನುಷ್ಯ. ಎಷ್ಟು ಗೀರು ಹೊಂದಿದರೆ 'ಒಂದೇ' ಎನ್ನಬೇಕು ಎಂಬುದರಲ್ಲಿ ತಜ್ಞರ ವಿವೇಚನೆಯ ಪಾಲು ಇದ್ದೇ ಇದೆ. ಆ ವಿವೇಚನೆಯನ್ನು ಪಾಟಿಸವಾಲಿಗೆ ಒಡ್ಡಲೆಂದೇ ನ್ಯಾಯಾಲಯ ಇರುವುದು.

8. ಕಾನೂನಿನ ಒಂದು ಮಾತು

ಜೆಲಾಟಿನ್ ದಿಮ್ಮಿ ಮಾಡುವುದಕ್ಕೆ ಯಾವ ಅನುಮತಿಯೂ ಬೇಡ. ಅದಕ್ಕೆ ಗುಂಡು ಹಾರಿಸುವುದು ಬೇರೆ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು, ತೋಟಾ ಇಟ್ಟುಕೊಳ್ಳಲು ಪರವಾನಗಿ ಬೇಕು. ಮದುವೆ, ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜನರ ಪ್ರಾಣಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಜೈಲು ಶಿಕ್ಷೆಯೂ ಇದೆ. ಹಿತ್ತಲಲ್ಲಿ ದಿಮ್ಮಿ ಇಟ್ಟು ಗುಂಡು ಹೊಡೆದು ನೋಡುವ ಅಮೆರಿಕದ ರೂಢಿ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಇಂಥ ಕೆಲಸಕ್ಕೆ ಚಂಡೀಗಡದ ಟರ್ಮಿನಲ್ ಬ್ಯಾಲಿಸ್ಟಿಕ್ಸ್ ಸಂಶೋಧನಾ ಪ್ರಯೋಗಾಲಯದಂಥ ಸಂಸ್ಥೆಗಳಿವೆ.

ಒಟ್ಟಿನಲ್ಲಿ, ಪತ್ರಿಕೆಯಲ್ಲಿ ಬ್ಯಾಲಿಸ್ಟಿಕ್ ವರದಿ ಎಂಬ ಪದ ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಕೇಳಿದ ಪ್ರಶ್ನೆ ಯಾವುದು, ಗಾಯದ್ದೋ ಗುರುತಿನದ್ದೋ? ಹೋಲಿಸಿದ್ದು ಯಾವುದನ್ನು ಯಾವುದರ ಜೊತೆ? ಹೊಂದಿಕೆಯಾದದ್ದು ಎಲ್ಲದರಲ್ಲೂ ಇರುವ ಲಕ್ಷಣವೋ, ಅದೊಂದರಲ್ಲೇ ಇರುವ ತಪ್ಪೋ?

ಸಂವಾದ

ಪ್ರಶ್ನೆ: ಜೆಲಾಟಿನ್ ಬದಲು ಸಸ್ಯಮೂಲದ ಚೈನಾ ಗ್ರಾಸ್ ಬಳಸಬಹುದಲ್ಲ?

ಉತ್ತರ: ಬಳಸಿದರೆ ದಿಮ್ಮಿ ಗಟ್ಟಿಯಾಗುತ್ತದೆ, ಬಿಸಿಲಿಗೂ ಬೇಗ ಕರಗುವುದಿಲ್ಲ. ಆದರೆ ಅಗರ್‌ನಿಂದ ಕಟ್ಟಿದ್ದು ಪೆಡಸು. ಹಿಗ್ಗುವುದಿಲ್ಲ, ಪಟಕ್ಕನೆ ಮುರಿಯುತ್ತದೆ. ಸ್ನಾಯುವಿನ ಗುಣ ಇರುವುದು ಹಿಗ್ಗಿ ಕುಗ್ಗುವುದರಲ್ಲಿ. ಸಸ್ಯಾಹಾರಿ ಪ್ರಯೋಗಾಲಯ ಬೇಕೆಂದರೆ ಖನಿಜ ತೈಲ ಮತ್ತು ಪಾಲಿಮರ್ ಸೇರಿಸಿ ಮಾಡಿದ ಪೂರ್ತಿ ಪಾರದರ್ಶಕ ದಿಮ್ಮಿಗಳು ಮಾರಾಟಕ್ಕಿವೆ. ಅವನ್ನು ಕರಗಿಸಿ ಮತ್ತೆ ಮತ್ತೆ ಬಳಸಬಹುದು, ತಣ್ಣಗೆ ಇಡುವ ತಾಪತ್ರಯ ಇಲ್ಲ. ಆದರೆ ಅವುಗಳ ಆಳದ ಅಂಕಿಯನ್ನು 10 ಶೇಕಡಾ ಜೆಲಾಟಿನ್ ಅಂಕಿಯ ಜೊತೆ ನೇರ ಹೋಲಿಸಬಾರದು.

ಪ್ರಶ್ನೆ: ಗುಂಡುನಿರೋಧಕ ಕವಚದ ಪರೀಕ್ಷೆಗೂ ಇದೇ ದಿಮ್ಮಿನಾ?

ಉತ್ತರ: ಸಾಮಾನ್ಯವಾಗಿ ಅಲ್ಲ. ಕವಚದ ಹಿಂದೆ ಇಡುವುದು ಜೇಡಿಯಂಥ ವಸ್ತು. ಗುಂಡು ಕವಚದಲ್ಲಿ ನಿಂತರೂ ಹಿಂದೆ ಎಷ್ಟು ಆಳ ತಗ್ಗು ಬಿತ್ತು ಎಂದು ಅಳೆಯಬೇಕಲ್ಲ. ಜೆಲಾಟಿನ್ ಮತ್ತೆ ಮೊದಲಿನ ಆಕಾರಕ್ಕೆ ಬಂದುಬಿಡುತ್ತದೆ, ಜೇಡಿ ತಗ್ಗನ್ನು ಹಾಗೇ ಇಟ್ಟುಕೊಳ್ಳುತ್ತದೆ. ಅಮೆರಿಕದ ಮಾನದಂಡದಲ್ಲಿ ಆ ತಗ್ಗು 44 ಮಿಲಿಮೀಟರ್ ದಾಟಬಾರದು.

ಪ್ರಶ್ನೆ: ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ಇಡಬಹುದಾ?

ಉತ್ತರ: ದಿಮ್ಮಿಯನ್ನು ಇಡಿ, ಏರ್‌ಗನ್ ಬೇಡ. ಉಕ್ಕಿನ ಗೋಲಿ ಗಟ್ಟಿ ವಸ್ತುವಿಗೆ ತಗಲಿ ವಾಪಸ್ ಚಿಮ್ಮಿದರೆ ಕಣ್ಣು ಹೋಗುತ್ತದೆ. ಬದಲಿಗೆ 5, 10, 20 ಶೇಕಡಾ ಎಂದು ಮೂರು ದಿಮ್ಮಿ ಮಾಡಿ, ಒಂದೇ ಎತ್ತರದಿಂದ ಒಂದೇ ಮೊಳೆಯನ್ನು ಕೊಳವೆಯೊಳಗಿಂದ ಬಿಡಿ. ಆಳ ಅಳೆಯಿರಿ. ಒಂದು ದಿಮ್ಮಿಯನ್ನು ಬೇಕೆಂದೇ ಅರ್ಧ ಗಂಟೆ ಬಿಸಿಲಲ್ಲಿಟ್ಟು ಮತ್ತೆ ಅಳೆಯಿರಿ. ಅಳತೆಗೆ ಮೊದಲು ಅಳೆಯುವ ವಸ್ತು ಸ್ಥಿರವಾಗಿರಬೇಕು ಎಂಬುದು ಮಕ್ಕಳಿಗೆ ಅದರಿಂದಲೇ ತಿಳಿಯುತ್ತದೆ.

ಪ್ರಶ್ನೆ: ಗ್ರಂಥಸಂಪಾದನೆಯ ಹೋಲಿಕೆ ಚೆನ್ನಾಗಿದೆ. ಆದರೆ ಹಸ್ತಪ್ರತಿಯಲ್ಲಿ ತಪ್ಪಾದರೆ ಪಾಠ ಕೆಡುತ್ತದೆ, ಇಲ್ಲಿ ತಪ್ಪಾದರೆ ಒಬ್ಬ ನಿರಪರಾಧಿ ಜೈಲಿಗೆ ಹೋಗುತ್ತಾನೆ. ಎರಡನ್ನೂ ಒಂದೇ ಸಾಲಿನಲ್ಲಿ ಇಡಬಹುದೇ?

ಉತ್ತರ: ಪರಿಣಾಮ ಒಂದೇ ಅಲ್ಲ, ಒಪ್ಪುತ್ತೇನೆ. ನಾನು ಹೋಲಿಸಿದ್ದು ತರ್ಕವನ್ನು ಮಾತ್ರ. ನೀವು ಹೇಳಿದ್ದರಿಂದ ಇನ್ನೊಂದು ಮಾತು ಹೊರಡುತ್ತದೆ. ಸಂಪಾದಕ ತಾನು ಯಾವ ಪ್ರತಿ ನೋಡಿದೆ, ಯಾವ ಪಾಠ ಬಿಟ್ಟೆ, ಯಾಕೆ ಬಿಟ್ಟೆ ಎಂದು ಅಡಿಟಿಪ್ಪಣಿಯಲ್ಲಿ ಬರೆಯಲೇಬೇಕು. ಪಾಠಾಂತರ ಕೊಡದ ಸಂಪಾದನೆಯನ್ನು ನಾವು ಒಪ್ಪುವುದಿಲ್ಲ. ಗುಂಡಿನ ಹೋಲಿಕೆಯ ವರದಿಯಿಂದ ಅದಕ್ಕಿಂತ ಹೆಚ್ಚನ್ನೇ ಕೇಳಬೇಕು, ಯಾಕೆಂದರೆ ಅಲ್ಲಿ ಎರಡು ಕಡೆಯೂ ಮನುಷ್ಯರಿದ್ದಾರೆ: ನ್ಯಾಯ ಕಾಯುತ್ತಿರುವ ಮನೆಯವರು ಒಂದು ಕಡೆ, ಕಟಕಟೆಯಲ್ಲಿ ನಿಂತವರು ಇನ್ನೊಂದು ಕಡೆ. ಸಮಯ ಆಗಿದೆ ಅಂತ ಅಧ್ಯಕ್ಷರು ಸೂಚಿಸ್ತಿದ್ದಾರೆ.